ನನಗೆ ಬಿದ್ದ ಎರಡು ಸೆಕೆಂಡು

(ಬೇಸಿಗೆ ರಜೆಯಲ್ಲಿ ತುಮಕೂರಿನ ನಮ್ಮ ಬಡಾವಣೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಬಹಳ ಜನಕ್ಕೆ ನನ್ನ ಪರಿಚಯ ಇದೆ. ಚಿಕ್ಕಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮುಂದಿನ ಸಾಲಿನಲ್ಲಿ ಕೂತಿರುವ ಮೂವರ ಬ್ಲೌಸ್ ನಾನೇ ಹೊಲಿದದ್ದು. ಇವತ್ತು ಬಟ್ಟೆಯ ಮಾತಲ್ಲ. ನಲವತ್ತಾರನೇ ವಯಸ್ಸಿನಲ್ಲಿ, ಇದೇ ಊರಿನಲ್ಲಿ, ಒಂದು ಸ್ಪೀಡ್‌ಕ್ಯೂಬಿಂಗ್ ಸ್ಪರ್ಧೆಯಲ್ಲಿ, ಅಂದರೆ ಕೆಡಿಸಿದ ರೂಬಿಕ್ಸ್ ಕ್ಯೂಬನ್ನು ಪ್ರತಿ ಮುಖಕ್ಕೂ ಒಂದೇ ಬಣ್ಣ ಬರುವ ಹಾಗೆ ಬೇಗ ಬಿಡಿಸುವ ಸ್ಪರ್ಧೆಯಲ್ಲಿ, ಮಕ್ಕಳ ಜೊತೆ ನಾನೂ ಕೂತು ಬಂದೆ. ಅದನ್ನು ಹೇಳಿ ಎಂದು ಕರೆದಿದ್ದಾರೆ.

ನಾನು ಗೆಲ್ಲಲಿಲ್ಲ. ಎರಡನೇ ಸುತ್ತಿಗೂ ಹೋಗಲಿಲ್ಲ. ಆದರೂ ಆ ದಿನ ನನಗೆ ಬಹಳ ದೊಡ್ಡದು. ಯಾಕೆ ಅಂತ ಹೇಳುವುದಕ್ಕೇ ಬಂದಿದ್ದೇನೆ.

ಕ್ಯೂಬ್ ನಮ್ಮ ಮನೆಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಮಗನಿಗೆ ಆಗ ಒಂಬತ್ತು ವರ್ಷ. ಶಾಲೆ ಇಲ್ಲ, ನನ್ನ ಅಂಗಡಿಗೂ ಬಾಗಿಲು. ಅವನು ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಲಿತ. ನಾನು ಪಕ್ಕದಲ್ಲಿ ಕೂತು ಫಾಲ್ ಹಚ್ಚುತ್ತಾ ನೋಡುತ್ತಿದ್ದೆ. ಒಂದು ದಿನ ಅವನೇ, 'ಅಮ್ಮ, ನಿನ್ನ ಬೆರಳು ನನಗಿಂತ ಚೆನ್ನಾಗಿ ತಿರುಗುತ್ತೆ, ನೀನೂ ಕಲಿ' ಅಂದ. ಅಲ್ಲಿಂದ ಶುರು. ಹಗಲು ಮಷಿನ್, ರಾತ್ರಿ ಊಟ ಆದ ಮೇಲೆ ಕ್ಯೂಬ್.

ಕ್ಯೂಬ್ ಗೊತ್ತಿಲ್ಲದ ಹಿರಿಯರಿಗೆ ಒಂದೆರಡು ಮಾತು. ಇದನ್ನು ಮಾಡಿದವರು ಹಂಗೇರಿ ದೇಶದ ಎರ್ನೋ ರೂಬಿಕ್. ಬುಡಾಪೆಸ್ಟ್‌ನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. 1974ರಲ್ಲಿ ಮಾಡಿದರು. ತಾವೇ ಮಾಡಿದ ಕ್ಯೂಬನ್ನು ಕೆಡಿಸಿ, ಮತ್ತೆ ಜೋಡಿಸಲು ಅವರಿಗೆ ಒಂದು ತಿಂಗಳಿಗಿಂತ ಜಾಸ್ತಿ ಹಿಡಿಯಿತಂತೆ. ನಿಮ್ಮ ಮಗು ವಾರದಿಂದ ಒದ್ದಾಡುತ್ತಿದ್ದರೆ ಈ ಮಾತು ಅದರ ಕಿವಿಗೆ ಹಾಕಿ.

ನನ್ನ ಕೈಯಲ್ಲಿರುವುದನ್ನು ನೋಡಿ. ಹೊರಗೆ ಕಾಣುವ ತುಂಡುಗಳು ಇಪ್ಪತ್ತಾರು. ಆರು ಮುಖದ ಆರು ನಡುಬಿಲ್ಲೆಗಳು ನಿಂತಲ್ಲೇ ತಿರುಗುತ್ತವೆ, ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಎರಡು ಬಣ್ಣದ ಅಂಚಿನ ತುಂಡು ಹನ್ನೆರಡು, ಮೂರು ಬಣ್ಣದ ಮೂಲೆ ಎಂಟು. ನಾವೆಲ್ಲ ಮೊದಲು ಮಾಡುವ ತಪ್ಪು, ಒಂದು ಮುಖದ ಒಂಬತ್ತು ಬಣ್ಣ ಸೇರಿಸಲು ಹೊರಡುವುದು. ಜೋಡಿಸಬೇಕಾದದ್ದು ಬಣ್ಣವನ್ನಲ್ಲ, ತುಂಡನ್ನು. ಬ್ಲೌಸಿನ ತೋಳನ್ನು ಬಣ್ಣ ನೋಡಿ ಕೂಡಿಸುತ್ತೇವಾ? ಕಂಕುಳಿನ ಕಡೆ ಯಾವುದು, ಹೆಗಲ ಕಡೆ ಯಾವುದು ಅಂತ ನೋಡಿ ಕೂಡಿಸುತ್ತೇವೆ. ಈ ಮಾತು ತಲೆಗೆ ಹೋದ ದಿನ ನನ್ನ ಕ್ಯೂಬ್ ಅರ್ಧ ಬಿಡಿಸಿದ ಹಾಗಾಯಿತು.

ಇದನ್ನು ಎಷ್ಟು ಥರ ಕೆಡಿಸಬಹುದು ಗೊತ್ತಾ? 43,252,003,274,489,856,000. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಲಕ್ಷ ಮೂವತ್ತೆರಡು ಸಾವಿರ ಕೋಟಿ ಕೋಟಿ. ಅಷ್ಟರಲ್ಲಿ ಯಾವುದನ್ನು ಕೊಟ್ಟರೂ 20 ತಿರುವಿನೊಳಗೆ ಬಿಡಿಸಲು ಸಾಧ್ಯ ಅಂತ 2010ರಲ್ಲಿ ಕಂಪ್ಯೂಟರ್ ಹಚ್ಚಿ ಸಾಬೀತು ಮಾಡಿದರು. ಮನುಷ್ಯರು ಹಾಗೆ ಬಿಡಿಸುವುದಿಲ್ಲ. ವೇಗವಾಗಿ ಬಿಡಿಸುವವರೂ ಐವತ್ತು ಅರವತ್ತು ತಿರುವು ತಿರುಗಿಸುತ್ತಾರೆ. ಆದರೆ ಪ್ರತಿ ಸಲ ತಲೆ ಕೆರೆದುಕೊಂಡು ಯೋಚಿಸುವುದಿಲ್ಲ. ಗುರುತು ಕಂಡ ಕೂಡಲೇ ಬೆರಳು ಹೊರಡುತ್ತದೆ.

ಹೆಚ್ಚಿನವರು ಬಿಡಿಸುವ ಪದ್ಧತಿಗೆ ಜೆಸ್ಸಿಕಾ ಫ್ರಿಡ್ರಿಕ್ ಅವರ ಹೆಸರಿದೆ. ಮೊದಲು ಕೆಳಗೆ ನಾಲ್ಕು ಅಂಚಿನ ತುಂಡು ಸೇರಿಸಿ ಒಂದು ಕ್ರಾಸ್, ಆಮೇಲೆ ಒಂದು ಮೂಲೆ ಒಂದು ಅಂಚು ಅಂತ ನಾಲ್ಕು ಜೋಡಿ ಕೂಡಿಸಿ ಎರಡು ಪದರ ಒಟ್ಟಿಗೆ, ಕೊನೆಗೆ ಮೇಲಿನ ಪದರ. ಮೇಲಿನ ಪದರಕ್ಕೇ ಪೂರ್ತಿ ಕಲಿತರೆ, ಮೇಲಿನ ಮುಖದ ಬಣ್ಣ ಒಂದು ಮಾಡಲು 57, ತುಂಡುಗಳನ್ನು ಜಾಗಕ್ಕೆ ತರಲು 21, ಒಟ್ಟು 78 ಸೂತ್ರ. ಇವನ್ನು ಮಕ್ಕಳು 'ಅಲ್ಗೋ' ಅನ್ನುತ್ತಾರೆ. ನನಗೆ ಬರುವುದು ಹದಿನಾರು. ಅದೇ ಕೆಲಸವನ್ನು ಎರಡೆರಡು ಹಂತ ಮಾಡಿಕೊಂಡರೆ ಹದಿನಾರು ಸಾಕು. ಮನೆಯಲ್ಲಿ ನನಗೆ ನಲವತ್ತೆರಡು, ನಲವತ್ಮೂರು ಸೆಕೆಂಡ್ ಬರುತ್ತಿತ್ತು.

ಮಗ ಎರಡು ಸ್ಪರ್ಧೆಗೆ ಬೆಂಗಳೂರಿಗೆ ಹೋಗಿ ಬಂದಿದ್ದ. ನಾನು ಜೊತೆಗೆ ಹೋಗಿ, ಹಿಂದಿನ ಕುರ್ಚಿಯಲ್ಲಿ ಬ್ಯಾಗ್ ಕಾಯುತ್ತಾ ಕೂತಿದ್ದೆ. ಹೋದ ವರ್ಷ ನಮ್ಮೂರಲ್ಲೇ ಆಗುತ್ತೆ ಅಂತ ಗೊತ್ತಾದಾಗ ಅವನು ಎರಡು ಹೆಸರು ತುಂಬಿದ. ಒಂದು ಅವನದು, ಒಂದು ನನ್ನದು. ಸುಮ್ನೆ ತಮಾಷೆಗೆ ಅಂದುಕೊಂಡೆ. ಮಾರನೇ ದಿನ ಪಟ್ಟಿಯಲ್ಲಿ ನನ್ನ ಹೆಸರು ಕಂಡಿತು. ಅಲ್ಲಿಂದ ಆರು ವಾರ ಮೈಯೆಲ್ಲಾ ಕ್ಯೂಬ್ ಆಯಿತು.

ಮೊದಲ ಸಲ ಹೋಗುವವರು ಹೆದರುವುದು ವಯಸ್ಸಿಗೆ, ಅಲ್ವಾ? ಈ ಆಟದಲ್ಲಿ ವಯಸ್ಸಿನ ವಿಭಾಗವೇ ಇಲ್ಲ. ಹುಡುಗರಿಗೆ ಬೇರೆ ಹುಡುಗಿಯರಿಗೆ ಬೇರೆ ಅಂತಲೂ ಇಲ್ಲ. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ಅಂತ 2004ರಲ್ಲಿ ಶುರುವಾದ ಸಂಸ್ಥೆ ಇದೆ. ಪ್ರಪಂಚದಲ್ಲೆಲ್ಲಾ ಅದರದೇ ನಿಯಮ. ಏಳು ವರ್ಷದ ಮಗು, ಕಾಲೇಜು ಹುಡುಗಿ, ನಾನು, ಎಲ್ಲರಿಗೂ ಒಂದೇ ಪಟ್ಟಿ, ಒಂದೇ ಗಡಿಯಾರ. ನಾನು ಇಷ್ಟಪಟ್ಟ ಮೊದಲ ಸಂಗತಿ ಇದು.

ಭಾನುವಾರ ಬೆಳಿಗ್ಗೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋದೆವು. ನನ್ನಿಂದ ಎರಡೂ ತಿನ್ನಲಾಗಲಿಲ್ಲ. ಸಭಾಂಗಣದ ತುಂಬಾ ಒಂದೇ ಸದ್ದು, ಕಟಕಟ ಕಟಕಟ. ನೂರು ಕ್ಯೂಬ್ ಒಟ್ಟಿಗೆ ತಿರುಗಿದರೆ ಜಾತ್ರೆಯಲ್ಲಿ ಕಡಲೆಕಾಯಿ ಸುಲಿದ ಹಾಗೆ ಕೇಳುತ್ತೆ. ತಿಪಟೂರು, ಮಧುಗಿರಿ, ಶಿರಾದಿಂದ ಬಂದ ಮಕ್ಕಳಿದ್ದರು. ಬೆಳಗಿನ ರೈಲಿಗೆ ಬೆಂಗಳೂರಿನಿಂದ ಬಂದವರೇ ಜಾಸ್ತಿ.

ಹೆಸರು ಹೇಳಿ, ಆಧಾರ್ ತೋರಿಸಿ, ಕೊರಳಿಗೆ ಕಾರ್ಡ್ ಹಾಕಿಕೊಂಡೆ. ಕಾರ್ಡಿನ ಹಿಂದೆ ಒಂದು ಪಟ್ಟಿ. ಯಾವ ಗುಂಪಿನಲ್ಲಿ ನಾನು ಆಡಬೇಕು ಅಂತ ಬರೆದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಯಾವ ಗುಂಪಿಗೆ ನಾನು ಜಡ್ಜ್.

ನನ್ನ ಎದೆ ಧಸಕ್ ಅಂದಿತು. ಏನೋ ತಪ್ಪಾಗಿದೆ ಅಂತ ಮಗನನ್ನು ಕೇಳಿದೆ. 'ಇಲ್ಲಮ್ಮ, ಎಲ್ಲರೂ ಮಾಡಬೇಕು' ಅಂದ. ಈ ಸ್ಪರ್ಧೆಯಲ್ಲಿ ಸಂಬಳದ ರೆಫರಿ ಯಾರೂ ಇರುವುದಿಲ್ಲ. ಒಬ್ಬರು ಡೆಲಿಗೇಟ್ ಇರುತ್ತಾರೆ. ನಿಯಮಕ್ಕೆಲ್ಲಾ ಅವರೇ ಜವಾಬ್ದಾರಿ. ಉಳಿದಂತೆ ಕ್ಯೂಬ್ ಕೆಡಿಸುವವರು, ಅದನ್ನು ಮೇಜಿಗೆ ಒಯ್ಯುವ ರನ್ನರ್, ಟೈಮ್ ಬರೆಯುವ ಜಡ್ಜ್, ಎಲ್ಲರೂ ಆಡಲು ಬಂದವರೇ. ನಮ್ಮ ಹಳ್ಳಿ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡವರು ಎದ್ದು ಎರಡನೇ ಪಂಕ್ತಿಗೆ ಬಡಿಸುತ್ತಾರಲ್ಲ, ಹಾಗೇ. ನೀವು ಆಡಿ ಎದ್ದ ಮೇಜಿನ ಆಚೆ ಕಡೆ ಹೋಗಿ ಕೂರುತ್ತೀರಿ. ಈಗ ಆಡುವವರು ಬೇರೆ, ನೋಡುವವರು ನೀವು.

ಕೆಡಿಸುವ ಕೆಲಸ ನೋಡಬೇಕು ನೀವು. ಪರದೆಯ ಹಿಂದೆ ಮೂರು ನಾಲ್ಕು ಮಕ್ಕಳು ಕೂತಿರುತ್ತಾರೆ. ಕಂಪ್ಯೂಟರ್ ಕೊಟ್ಟ ಸಾಲಿನ ಪ್ರಕಾರ, ಬಿಳಿ ಮೇಲೆ, ಹಸಿರು ಎದುರಿಗೆ ಇಟ್ಟುಕೊಂಡು ತಿರುಗಿಸುತ್ತಾರೆ. ಒಂದು ಗುಂಪಿನವರಿಗೆಲ್ಲಾ ಒಂದೇ ಥರ ಕೆಡಿಸಿದ ಕ್ಯೂಬ್. ಮುಗಿದ ಮೇಲೆ ಪಕ್ಕದ ಕಾಗದದಲ್ಲಿರುವ ಚಿತ್ರಕ್ಕೆ ಹೋಲಿಸಿ, ಮುಚ್ಚಳ ಮುಚ್ಚಿ ಕಳಿಸುತ್ತಾರೆ. ಅವರು ಆ ಗುಂಪಿನಲ್ಲಿ ಆಡುವಂತಿಲ್ಲ. ಇನ್ನೂ ಆಡದವರಿಗೆ ಒಂದು ಮಾತೂ ಹೇಳುವಂತಿಲ್ಲ. ಹದಿಮೂರು ವರ್ಷದ ಹುಡುಗಿ, ತನ್ನ ಖಾಸಾ ಗೆಳತಿಯ ಕ್ಯೂಬ್ ಕೆಡಿಸಿ, ಬಾಯಿ ಬಿಗಿದುಕೊಂಡು ಕಳಿಸಿದ್ದನ್ನು ನಾನು ನೋಡಿದೆ.

ಈಗ ನನ್ನ ಆಟಕ್ಕೆ ಬರುತ್ತೇನೆ.

ಹೆಸರು ಕರೆದರು. ಹೋಗಿ ಕೂತೆ. ನನ್ನ ಜಡ್ಜ್ ಹತ್ತು ವರ್ಷದ ಒಬ್ಬ ಹುಡುಗ. ಮೇಜು ಅವನ ಎದೆಯವರೆಗೆ ಬರುತ್ತಿತ್ತು. ಕೈಯಲ್ಲಿ ಸ್ಟಾಪ್‌ವಾಚ್. 'ರೆಡಿನಾ ಆಂಟಿ?' ಅಂದ. ಹ್ಞೂಂ ಅಂದೆ. ಮುಚ್ಚಳ ತೆಗೆದ.

ನೋಡಲು 15 ಸೆಕೆಂಡ್ ಕೊಡುತ್ತಾರೆ. ಕ್ಯೂಬ್ ಎತ್ತಿ ಎಲ್ಲಾ ಕಡೆ ನೋಡಬಹುದು, ಒಂದು ಪದರವನ್ನೂ ತಿರುಗಿಸುವಂತಿಲ್ಲ. ಎಂಟಾದಾಗ ಒಂದು ಸಲ, ಹನ್ನೆರಡಾದಾಗ ಒಂದು ಸಲ ಜಡ್ಜ್ ಕೂಗುತ್ತಾರೆ. ಹದಿನೈದು ದಾಟಿದರೆ ಎರಡು ಸೆಕೆಂಡ್ ದಂಡ, ಹದಿನೇಳು ದಾಟಿದರೆ ಆ ಆಟವೇ ಲೆಕ್ಕಕ್ಕಿಲ್ಲ. ಯಾವ ಥರ ಕೆಟ್ಟಿದ್ದರೂ ಕ್ರಾಸ್ ಎಂಟು ತಿರುವಿನೊಳಗೆ ಬರುತ್ತದೆ. ಅದನ್ನು ಪೂರ್ತಿ ಮನಸ್ಸಿನಲ್ಲಿ ಕಟ್ಟಿಕೊಳ್ಳಲು ಆ ಹದಿನೈದು ಸೆಕೆಂಡ್. ಆಮೇಲೆ ಎರಡೂ ಕೈ ಟೈಮರ್ ಮೇಲೆ. ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಇಡಬೇಕು, ಹಸಿರು ದೀಪ ಬರುತ್ತೆ. ಕೈ ಎತ್ತಿದ ಕ್ಷಣ ಓಟ ಶುರು.

ಕೈ ನಡುಗಿತು. ಇಪ್ಪತ್ತೆರಡು ವರ್ಷ ಸೂಜಿ ಹಿಡಿದ ಕೈ. ಮದುವೆ ಹಿಂದಿನ ರಾತ್ರಿ ಹನ್ನೊಂದಕ್ಕೆ ಬಂದ ರೇಷ್ಮೆ ಬ್ಲೌಸನ್ನು ಬಿಚ್ಚಿ ಹೊಲಿದು ಕೊಟ್ಟ ಕೈ. ಆ ಮೇಜಿನ ಮುಂದೆ ಗಡಗಡ ಅಂತ ನಡುಗಿತು. ಮೊದಲ ಆಟ 47.98. ಎರಡನೆಯದು 44.15.

ಒಂದು ಸುತ್ತಿಗೆ ಐದು ಆಟ. ಎಲ್ಲಕ್ಕಿಂತ ಒಳ್ಳೆಯದನ್ನೂ ಎಲ್ಲಕ್ಕಿಂತ ಕೆಟ್ಟದ್ದನ್ನೂ ಬಿಟ್ಟು, ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಅದೃಷ್ಟ ಒಂದು ಸಲ ಕೈ ಹಿಡಿದರೂ, ಒಂದು ಸಲ ಕೈ ಕೊಟ್ಟರೂ ಲೆಕ್ಕ ಕೆಡಬಾರದು ಅಂತ. ನನ್ನ ಆಸೆ ಇದ್ದದ್ದು ಒಂದೇ. ಸರಾಸರಿ 45ರ ಒಳಗೆ ಬರಬೇಕು.

ಮೂರನೇ ಆಟ ಹೂ ಎತ್ತಿದ ಹಾಗೆ ಹೋಯಿತು. ಕ್ರಾಸ್ ಸಲೀಸು. ನಾಲ್ಕು ಜೋಡಿಯೂ ಹುಡುಕದೆ ಸಿಕ್ಕವು. ಕೊನೆಯ ತಿರುವು ಮುಗಿಸಿ ಟೈಮರ್ ಬಡಿದೆ. 41.90! ಅಷ್ಟು ಕಡಿಮೆ ಮನೆಯಲ್ಲೂ ಅಪರೂಪ. ಖುಷಿಗೆ ಕ್ಯೂಬ್ ಎತ್ತಲು ಕೈ ಹೋಯಿತು.

'ಆಂಟಿ, ಮುಟ್ಟಬೇಡಿ.'

ಹುಡುಗ ಮೇಜಿಗೆ ಬಗ್ಗಿ ಕ್ಯೂಬನ್ನು ನೋಡುತ್ತಿದ್ದ. ಅವನೂ ಮುಟ್ಟಲಿಲ್ಲ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ನನ್ನ ಕೊನೆಯ ತಿರುವು ಪೂರ್ತಿ ಆಗಿರಲಿಲ್ಲ. ಕಾಲು ಸುತ್ತು ಬರಬೇಕಾದ ಪದರ ಅದರ ಅರ್ಧವೂ ಬಂದಿರಲಿಲ್ಲ. 45 ಡಿಗ್ರಿಗಿಂತ ಜಾಸ್ತಿ ವಾರೆ ನಿಂತರೆ ಒಂದು ತಿರುವು ಬಾಕಿ ಇದ್ದ ಹಾಗೆ. ಅದಕ್ಕೆ ಎರಡು ಸೆಕೆಂಡ್ ದಂಡ.

'ಆಂಟಿ, ಇದು ಪ್ಲಸ್ ಟೂ' ಅಂದ. ದನಿ ಸಣ್ಣದಾಗಿತ್ತು. ನನ್ನ ಮುಖ ನೋಡಲಿಲ್ಲ.

ಅವನಿಗೆ ಗೊತ್ತಿತ್ತು, ನಾನು ಖುಷಿಯಲ್ಲಿದ್ದೆ ಅಂತ. ನಾನು ಅವನ ಅಮ್ಮನಿಗಿಂತ ದೊಡ್ಡವಳು. ನಮ್ಮ ಕಡೆ ಮಕ್ಕಳಿಗೆ ಏನು ಹೇಳಿಕೊಟ್ಟಿದ್ದೇವೆ? ದೊಡ್ಡವರಿಗೆ ಎದುರು ಮಾತಾಡಬೇಡ. ದೊಡ್ಡವರ ತಪ್ಪು ಎತ್ತಬೇಡ. ಆ ಹುಡುಗ ಎರಡು ಸೆಕೆಂಡ್ ಕಾಣದ ಹಾಗೆ ಇದ್ದುಬಿಡಬಹುದಿತ್ತು. ಬೇರೆ ಯಾರೂ ನೋಡುತ್ತಿರಲಿಲ್ಲ. ಅವನು ಕಾರ್ಡಿನಲ್ಲಿ ನಿಧಾನಕ್ಕೆ ಬರೆದ: 41.90 + 2 = 43.90. ಬರೆದು ನನ್ನ ಕಡೆ ತಳ್ಳಿದ. ಒಪ್ಪಿದ್ದೇನೆ ಅಂತ ಆಡಿದವರು ಸಹಿ ಹಾಕಬೇಕು. ನಾನು ಕ್ಯೂಬನ್ನು ಇನ್ನೊಂದು ಸಲ ನೋಡಿದೆ. ಅವನು ಹೇಳಿದ್ದು ಸರಿ ಇತ್ತು. ಸಹಿ ಹಾಕಿ, 'ಸರಿಯಾಗಿ ನೋಡಿದೆ ಮರಿ' ಅಂದೆ. ಆಗ ಅವನು ತಲೆ ಎತ್ತಿದ.

ನಾಲ್ಕನೇ ಆಟದಲ್ಲಿ ಒಂದು ಮೂಲೆ ಒಳಗೇ ತಿರುಚಿಕೊಂಡಿತ್ತು. ಜೋರಾಗಿ ತಿರುಗಿಸುವಾಗ ಒಮ್ಮೊಮ್ಮೆ ಹಾಗಾಗುತ್ತದೆ. ಒಂದೇ ಮೂಲೆ ತಿರುಚಿದ ಕ್ಯೂಬ್ ಎಷ್ಟು ತಿರುಗಿಸಿದರೂ ಕೂಡುವುದಿಲ್ಲ. ಟೈಮರ್ ನಿಲ್ಲಿಸುವ ಮೊದಲು ಕಂಡಿದ್ದರೆ ಆ ಮೂಲೆಯನ್ನು ಕೈಯಲ್ಲೇ ಸರಿಮಾಡಲು ನಿಯಮದಲ್ಲಿ ಅವಕಾಶ ಇದೆ. ನಾನು ಬೆರಳಿನ ಓಟದಲ್ಲಿ ನೋಡದೆ ನಿಲ್ಲಿಸಿದೆ. ಡಿಎನ್ಎಫ್. ಅಂದರೆ ಮುಗಿಸಿಲ್ಲ ಅಂತ. ಐದನೆಯದು 42.37.

ಈಗ ಲೆಕ್ಕ ಹಾಕಿ ಮಕ್ಕಳೇ. ಡಿಎನ್ಎಫ್ ಕೆಟ್ಟದ್ದು, ಹೋಯಿತು. 42.37 ಒಳ್ಳೆಯದು, ಅದೂ ಹೋಯಿತು. ಉಳಿದದ್ದು 47.98, 44.15, 43.90. ಸರಾಸರಿ? (ಇಲ್ಲಿ ಹಿಂದಿನ ಸಾಲಿನ ಒಬ್ಬಳು ಹುಡುಗಿ ನೋಟ್‌ಬುಕ್‌ನಲ್ಲಿ ಹಾಕಿ ಸರಿಯಾಗಿ ಹೇಳಿದಳು: 45.34.) ಭೇಷ್. ಆ ಎರಡು ಸೆಕೆಂಡ್ ಬೀಳದಿದ್ದರೆ 41.90 ಒಳ್ಳೆಯದಾಗಿ ಬಿಟ್ಟುಹೋಗುತ್ತಿತ್ತು, 42.37 ಲೆಕ್ಕಕ್ಕೆ ಬರುತ್ತಿತ್ತು. ಸರಾಸರಿ 44.83 ಆಗುತ್ತಿತ್ತು. ಆರು ವಾರ ಕನಸು ಕಂಡ ನಲವತ್ತೈದು ಆ ಒಂದು ಸಾಲಿನಲ್ಲಿ ತಪ್ಪಿತು.

ಬೇಜಾರಾಯಿತು. ಆಗಲಿಲ್ಲ ಅಂದರೆ ಸುಳ್ಳು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ. ಅಷ್ಟರಲ್ಲಿ ಮೈಕಿನಲ್ಲಿ ಮುಂದಿನ ಗುಂಪಿನ ಜಡ್ಜ್‌ಗಳನ್ನು ಕರೆದರು. ನನ್ನ ಸರದಿ.

ನನ್ನ ಮೇಜಿಗೆ ಬಂದವಳು ಏಳು ವರ್ಷದ ಪುಟ್ಟಿ. ಅವಳಿಗೂ ಅದು ಮೊದಲ ಸ್ಪರ್ಧೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಗ್ಗದಾಚೆ ಅವಳ ಅಪ್ಪ ಮೊಬೈಲ್ ಹಿಡಿದು ನಿಂತಿದ್ದರು. ಎರಡನೇ ಆಟ ಮುಗಿದಾಗ ಕ್ಯೂಬ್ ನೋಡಿದೆ. ಮೇಲಿನ ಪದರ ವಾರೆ. ನಲವತ್ತೈದು ಡಿಗ್ರಿಯಾ? ಸ್ವಲ್ಪ ಕಡಿಮೆಯಾ? ಬಟ್ಟೆಯಲ್ಲಿ ಕಾಲು ಇಂಚು ಕಣ್ಣಳತೆಯಲ್ಲೇ ಹೇಳುವವಳು ನಾನು. ಅಲ್ಲಿ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಆ ಮಗು ನನ್ನನ್ನೇ ನೋಡುತ್ತಿತ್ತು. ಬಿಟ್ಟುಬಿಡೋಣ, ಮಗು ಅಲ್ವಾ, ಅಂತ ಮನಸ್ಸು ಹೇಳಿತು. ಆಗ ಆ ಹುಡುಗನ ಸಣ್ಣ ದನಿ ನೆನಪಾಯಿತು. ಕೈ ಎತ್ತಿ ಡೆಲಿಗೇಟ್‌ನ ಕರೆದೆ. ಅನುಮಾನ ಬಂದರೆ ಹಾಗೇ ಮಾಡಬೇಕು ಅಂತ ಬೆಳಿಗ್ಗೆ ಹೇಳಿಕೊಟ್ಟಿದ್ದರು. ಅವರು ಬಂದು, ಮೇಲಿನಿಂದ ನೇರ ನೋಡಿ, 'ಪ್ಲಸ್ ಟೂ' ಅಂದರು. ನಾನು ಬರೆದೆ. ಪುಟ್ಟಿಯ ತುಟಿ ಅದುರಿತು. ಅಳಲಿಲ್ಲ. ಇಂಗ್ಲಿಷ್‌ನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದು ಸಹಿ ಮಾಡಿದಳು. ಮೂರನೇ ಆಟಕ್ಕೆ ಟೈಮರ್ ಮುಟ್ಟುವ ಮೊದಲು ಆ ಪದರವನ್ನು ಬೆರಳಲ್ಲಿ ಒತ್ತಿ ನೇರ ಮಾಡಿದಳು. ನಾಲ್ಕರಲ್ಲೂ, ಐದರಲ್ಲೂ ಹಾಗೇ ಮಾಡಿದಳು.

ಅಪ್ಪ ಅಮ್ಮಂದಿರಿಗೆ ನನ್ನ ಮಾತು ಇದೇ. ನೀವು ಮಗುವನ್ನು ಸ್ಪರ್ಧೆಗೆ ಕಳಿಸುವಾಗ ಎಷ್ಟು ಸೆಕೆಂಡ್ ಅಂತ ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಜಡ್ಜ್ ಆಗಿ ಯಾರ ಎದುರು ಕೂತೆ, ಏನಾಯಿತು ಅಂತಲೂ ಕೇಳಿ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಓಟದ ಸ್ಪರ್ಧೆ ಇದೆ, ರಸಪ್ರಶ್ನೆ ಇದೆ. ಅಲ್ಲೆಲ್ಲಾ ತೀರ್ಪು ದೊಡ್ಡವರದು. ಮಗು ಗೆಲ್ಲುತ್ತೆ, ಇಲ್ಲಾ ಸೋಲುತ್ತೆ. ತೀರ್ಪಿನ ಭಾರ ಎಷ್ಟು ಅಂತ ಅದರ ಕೈಗೆ ಯಾರೂ ಕೊಟ್ಟಿರುವುದಿಲ್ಲ. ಈ ಸ್ಪರ್ಧೆಯಲ್ಲಿ ಕೊಡುತ್ತಾರೆ, ಅದೂ ಹತ್ತು ವರ್ಷಕ್ಕೇ.

ಅಮೆರಿಕದ ಮ್ಯಾಕ್ಸ್ ಪಾರ್ಕ್ ಎಂಬ ಹುಡುಗನ ಹೆಸರು ಇಲ್ಲಿನ ಮಕ್ಕಳಿಗೆಲ್ಲಾ ಗೊತ್ತು. 2023ರಲ್ಲಿ 3.13 ಸೆಕೆಂಡಿಗೆ ಬಿಡಿಸಿ ವಿಶ್ವ ದಾಖಲೆ ಮಾಡಿದವನು. ಅವನಿಗೆ ಆಟಿಸಂ ಇದೆ. ಚಿಕ್ಕವನಿದ್ದಾಗ ಬೆರಳು ಹಿಡಿತಕ್ಕೆ ಬರಲಿ ಅಂತ ಮನೆಯವರು ಕ್ಯೂಬ್ ಹಿಡಿಸಿದರು. ಸ್ಪರ್ಧೆಗೆ ಹೋಗಿ ಹೋಗಿ ಸರದಿ ಕಾಯುವುದು, ಜನರ ಜೊತೆ ಬೆರೆಯುವುದು ಬಂತು. ಅವನ ಅಪ್ಪ ಅಮ್ಮ ದಾಖಲೆಗಿಂತ ಇದನ್ನೇ ದೊಡ್ಡದು ಅಂತಾರೆ. ಅದು ನನಗೆ ಪೂರ್ತಿ ಅರ್ಥವಾಗುತ್ತದೆ.

ಅವನ ದಾಖಲೆಯನ್ನು 2025ರಲ್ಲಿ ಚೀನಾದ ಒಬ್ಬ ಪುಟ್ಟ ಹುಡುಗ 3.05ಕ್ಕೆ ಇಳಿಸಿದ. 1982ರ ಜೂನ್ 5ರಂದು ಬುಡಾಪೆಸ್ಟ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆದಾಗ ಗೆದ್ದ ಮಿನ್ ಥಾಯ್ ಅವರ ಟೈಮ್ 22.95. ಇವತ್ತು ನನ್ನ ಮಗನೂ ಅದಕ್ಕಿಂತ ಬೇಗ ಬಿಡಿಸುತ್ತಾನೆ. ಆಗಿನ ಕ್ಯೂಬ್ ಗಟ್ಟಿ, ಈಗಿನದರಲ್ಲಿ ಒಳಗೆ ಆಯಸ್ಕಾಂತ ಇದೆ, ತಾನಾಗಿ ಜಾಗಕ್ಕೆ ಕೂರುತ್ತದೆ. ಆ 22.95ಕ್ಕೆ ನನ್ನ ನಮಸ್ಕಾರ ಇದೆ.

ಸಾಮಾನಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಾನು ಒಯ್ದ ಕ್ಯೂಬಿಗೆ ಐನೂರು ರೂಪಾಯಿಯೂ ಆಗಿರಲಿಲ್ಲ, ಆಯಸ್ಕಾಂತ ಇರುವುದೇ. ಸಾವಿರಾರು ರೂಪಾಯಿಯದು ಈಗಲೇ ಬೇಡ. ಬಿಗಿಯಾದರೆ ಸಿಲಿಕಾನ್ ಎಣ್ಣೆ ಒಂದು ಹನಿ. ನನ್ನಂಥ ಟೈಲರ್‌ಗಳ ಮನೆಯಲ್ಲಿ ಕೈಗೆ ಸಿಗುವ ಮಷಿನ್ ಎಣ್ಣೆ ಹಾಕಬೇಡಿ, ಅದು ಕಬ್ಬಿಣಕ್ಕೆ ಮಾಡಿದ್ದು. ಸ್ಟಿಕರ್ ಎದ್ದ, ಗೀರು ಬಿದ್ದು ಗುರುತು ಸಿಗುವ ಕ್ಯೂಬನ್ನು ಸ್ಪರ್ಧೆಗೆ ಒಯ್ದರೆ ಬೇಡ ಅನ್ನುತ್ತಾರೆ.

(ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ತಾಯಿ, 'ನನ್ನ ಮಗಳಿಗೆ ಒಂದೂವರೆ ನಿಮಿಷ ಹಿಡಿಯುತ್ತೆ, ಈಗಲೇ ಕಳಿಸಬಹುದಾ ಅಕ್ಕ?' ಅಂದರು.)

ಕಳಿಸಿ. ಸಾಮಾನ್ಯವಾಗಿ ಒಂದು ಆಟಕ್ಕೆ ಹತ್ತು ನಿಮಿಷದವರೆಗೂ ಬಿಡುತ್ತಾರೆ. ಕೆಲವು ಕಡೆ ಮಿತಿ ಕಡಿಮೆ ಇಟ್ಟಿರುತ್ತಾರೆ, ಹೆಸರು ಕೊಡುವಾಗ ಅದನ್ನೊಂದು ನೋಡಿಕೊಳ್ಳಿ. ಮೊದಲ ಸ್ಪರ್ಧೆ ಆದ ಮೇಲೆ ಅವಳಿಗೆ ಒಂದು ಐಡಿ ಸಿಗುತ್ತೆ. ಮೊದಲು ಆಡಿದ ವರ್ಷ, ಹೆಸರಿನ ನಾಲ್ಕು ಅಕ್ಷರ, ಎರಡು ಅಂಕಿ. ಜೀವನಪೂರ್ತಿ ಅದೇ. ನನ್ನದರ ಕೆಳಗೆ ಡಿಎನ್ಎಫ್ ಸಮೇತ ಐದೂ ಟೈಮ್ ಹಾಗೇ ಇವೆ, ಯಾರು ಬೇಕಾದರೂ ನೋಡಬಹುದು.

(ಮುಂದಿನ ಸಾಲಿನ ಒಬ್ಬ ಹುಡುಗ, 'ಆ ಜಡ್ಜ್ ಹುಡುಗ ಆಮೇಲೆ ಸಿಕ್ಕಿದ್ನಾ?' ಅಂತ ಕೇಳಿದ.)

ಸಿಕ್ಕಿದ. ಸಂಜೆ ಫೈನಲ್ ನಡೆಯುವಾಗ ನನ್ನ ಪಕ್ಕವೇ ಬಂದು ಕೂತ. ಅವನಿಗೂ ಫೈನಲ್ ತಪ್ಪಿತ್ತು. ನನ್ನ ಬ್ಯಾಗಿನಲ್ಲಿ ಬೆಳಗಿನ ಒಂದು ತಟ್ಟೆ ಇಡ್ಲಿ ಉಳಿದಿತ್ತು, ಅರ್ಧ ಅರ್ಧ ತಿಂದೆವು. 'ಆಂಟಿ, ನಿಮ್ಮ ಕೊನೇ ಅಲ್ಗೋ ಮುಗಿಯುವಾಗ ಬಲಗೈ ಬೇಗ ಬಿಡ್ತೀರಿ, ಅದಕ್ಕೇ ಪದರ ವಾರೆ ನಿಲ್ಲೋದು' ಅಂದ. ನನ್ನ ಕ್ಯೂಬ್ ಇಸಿದುಕೊಂಡು, ಹೆಬ್ಬೆರಳು ಎಲ್ಲಿ ಇಡಬೇಕು ಅಂತ ನಾಲ್ಕು ಸಲ ತೋರಿಸಿದ. ಹೀಗೆ, ನೋಡಿ.